ಇಂಗ್ಲಿಷ್ ಬರಹದಲ್ಲಿ ಸಂಯೋಜಕ ಮತ್ತು ಕ್ರಿಯಾವಿಶೇಷಣ

ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಅವ್ಯಯಗಳಿಗೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟಿದ್ದಾನೆ. ವಾಕ್ಯಗಳನ್ನು ಕೂಡಿಸುವ ಪದಗಳೂ ಕ್ರಿಯೆಯನ್ನು ವಿಶೇಷಿಸುವ ಪದಗಳೂ ನಮ್ಮ ವ್ಯಾಕರಣಪರಂಪರೆಯಲ್ಲಿ ಅವ್ಯಯವೆಂಬ ಒಂದೇ ವರ್ಗಕ್ಕೆ ಸೇರುತ್ತವೆ. ಇಂಗ್ಲಿಷ್ ವ್ಯಾಕರಣ ಇವನ್ನು ಬೇರ್ಪಡಿಸುತ್ತದೆ. ಹೊರನಾಡಿನಲ್ಲಿದ್ದು ಕನ್ನಡ ಸಾಹಿತ್ಯವನ್ನು ಕುರಿತು ಇಂಗ್ಲಿಷಿನಲ್ಲಿ ಪ್ರಬಂಧ ರಚಿಸುವ ಸಂಶೋಧಕರು ಈ ಭೇದವನ್ನು ಗಮನಿಸುವುದು ಅವಶ್ಯ.

‘ಬಟ್’ ಸಂಯೋಜಕ, ‘ಹೌಎವರ್’ ಕ್ರಿಯಾವಿಶೇಷಣ. ಎರಡನ್ನೂ ನಾವು ‘ಆದರೆ’ ಎಂದೇ ಅರ್ಥೈಸುವುದುಂಟು. ‘ಬಟ್’ ತಾನು ಕೂಡಿಸುವ ವಾಕ್ಯದ ಆದಿಯಲ್ಲಿಯೇ ನಿಲ್ಲಬೇಕು. ಅದರ ಹಿಂದೆ ಅಲ್ಪವಿರಾಮ ಸಾಕು. ‘ಹೌಎವರ್’ ವಾಕ್ಯದ ಆದಿ, ಮಧ್ಯ, ಅಂತ್ಯಗಳಲ್ಲಿ ಎಲ್ಲಿಯಾದರೂ ಬರಬಲ್ಲದು. ಅದು ಅರ್ಥಸಂಬಂಧವನ್ನು ಸೂಚಿಸುತ್ತದೆಯೇ ಹೊರತು ಎರಡು ವಾಕ್ಯಗಳನ್ನು ಒಂದಾಗಿ ಕಟ್ಟುವುದಿಲ್ಲ. ಆದುದರಿಂದ ಎರಡನೆಯ ವಾಕ್ಯ ಅದರಿಂದ ಆರಂಭವಾದರೆ ಹಿಂದೆ ಅರ್ಧವಿರಾಮ ಅಥವಾ ಪೂರ್ಣವಿರಾಮ ಇರಬೇಕು.

ಇವೆರಡು ಒಟ್ಟಿಗೆ ಬರುವುದೂ ಉಂಟು. ‘ಅಂಡ್ ದೇರ್‌ಫೋರ್’ ಎಂಬಲ್ಲಿ ಮೊದಲ ಪದ ಕೂಡಿಸುತ್ತದೆ, ಎರಡನೆಯದು ಕಾರ್ಯಕಾರಣ ಸಂಬಂಧವನ್ನು ಹೇಳುತ್ತದೆ. ‘ಬಟ್ ಹೌಎವರ್’ ಮಾತ್ರ ಪುನರುಕ್ತಿ. ‘ಆಲ್ದೋ’ದಿಂದ ತೊಡಗಿದ ವಾಕ್ಯದಲ್ಲಿ ಮುಂದೆ ‘ಯೆಟ್’ ಸಲ್ಲುತ್ತದೆ, ‘ಬಟ್’ ಸಲ್ಲದು. ಒಮ್ಮೆ ಕೂಡಿಸಿದ್ದನ್ನು ಮತ್ತೆ ಕೂಡಿಸಬೇಕಾಗಿಲ್ಲ.

ಇದು ಕೇವಲ ವಿರಾಮಚಿಹ್ನೆಗಳ ವಿಚಾರವಲ್ಲ. ಶಾಸನವೊಂದು ಕಾವ್ಯಕ್ಕಿಂತ ಹಿಂದಿನದು, ಎರಡರಲ್ಲಿಯೂ ಒಂದೇ ಪದಗುಚ್ಛವಿದೆ ಎಂದುಕೊಳ್ಳೋಣ. ಈ ಸಂಗತಿಗಳನ್ನು ‘ಅಂಡ್’ ಎಂದು ಕೂಡಿಸಿದರೆ ಅದು ನಿರೂಪಣೆ. ‘ಅಂಡ್ ದೇರ್‌ಫೋರ್’ ಎಂದು ಬರೆದು ಕವಿಯು ಆ ಶಾಸನವನ್ನು ಬಲ್ಲನೆಂದರೆ ಅದು ಪ್ರತಿಪಾದನೆ. ಅದಕ್ಕೆ ಬೇರೆ ಆಧಾರ ಬೇಕು.