‘ಮದರ್‌ಬೋರ್ಡ್ ಹೋಗಿದೆ’ ಅಂದ್ರೆ ನಂಬೋದಾ?

ಲ್ಯಾಪ್‌ಟಾಪ್ ಆನ್ ಆಗ್ತಿಲ್ಲ ಅಂತ ರಿಪೇರಿಗೆ ಕೊಟ್ಟಾಗ ನಮ್ಮಲ್ಲಿ ಎಷ್ಟೋ ಜನ ಕೇಳಿರೋ ಮಾತು ಇದು. ಹೇಳಿದವರು ಸುಳ್ಳು ಹೇಳ್ತಿದ್ದಾರೋ, ಕೆಲಸ ಗೊತ್ತಿಲ್ಲದೆ ಹೇಳ್ತಿದ್ದಾರೋ? ಜೇಬಿಗೆ ಎರಡೂ ಒಂದೇ. ಅದಕ್ಕೇ ನಾವು ಈಗ ‘ಹೇಗೆ ಗೊತ್ತಾಯ್ತು ಅಣ್ಣಾ?’ ಅಂತ ಕೇಳ್ತೀವಿ. ಕೆಲಸ ಬಲ್ಲವರು ತೋರಿಸ್ತಾರೆ: ಮಲ್ಟಿಮೀಟರ್ ಹಿಡಿದು ಅಡಾಪ್ಟರಿನಿಂದ ಅದರ ಮೇಲೆ ಬರೆದಷ್ಟು ವೋಲ್ಟ್ (ಸಾಮಾನ್ಯವಾಗಿ 19ರ ಆಸುಪಾಸು) ಬರ್ತಿದೆಯಾ ನೋಡ್ತಾರೆ, ರ‍್ಯಾಮ್ ಬಿಚ್ಚಿ, ಒರೆಸಿ, ಮತ್ತೆ ಕೂರಿಸ್ತಾರೆ. ನಮ್ಮ ಸೀನಿಯರ್ ಒಬ್ಬರಿಗೆ ಒಂದು ಅಂಗಡಿಯಲ್ಲಿ 8,000 ಅಂದಿದ್ರು. ಬೆಂಗಳೂರಿನ ಎಸ್.ಪಿ. ರೋಡಿನ ಪುಟ್ಟ ಅಂಗಡಿಯೊಂದರಲ್ಲಿ ರ‍್ಯಾಮ್ ಬಿಚ್ಚಿ ಕೂರಿಸಿ 100 ತಗೊಂಡ್ರು, ಅದೂ ಸಂಕೋಚದಿಂದ!

ಅಂದಹಾಗೆ, ಕೊಡೋ ಮೊದಲು ರ‍್ಯಾಮ್, ಎಸ್‌ಎಸ್‌ಡಿಗಳ ಸೀರಿಯಲ್ ನಂಬರ್ ಬರೆದಿಟ್ಕೊಳ್ಳಿ. ಬದಲಾಯಿಸಿದ್ರೆ ಹಳೇ ಪಾರ್ಟ್ ಕೇಳಿ ಇಸ್ಕೊಳ್ಳಿ.