ಚೆಂಡಿಗೂ ಸೈ, ದಾಂಡಿಗೂ ಸೈ

ಸಾಫ್ಟ್‌ಬಾಲ್ ಎಂದ ಕೂಡಲೆ ಮೆತ್ತನೆ ಚೆಂಡಿನ ಮಕ್ಕಳಾಟ ಅಂದುಕೊಳ್ಳಬೇಡಿ, ಸೋದರಿಯರೆ. ಮೆತ್ತಗೆ ಎಂಬುದು ಹೆಸರಿಗಷ್ಟೆ. ಚೆಂಡು ಬಲು ಗಟ್ಟಿ. ಬೇಸ್‌ಬಾಲಿನ ತಂಗಿಯಂಥ ಈ ಆಟದಲ್ಲಿ ಕೈಯನ್ನು ಗಾಣದಂತೆ ಸುತ್ತಿಸಿ, ಕೆಳಗಿನಿಂದ ಚೆಂಡೆಸೆಯುತ್ತಾರೆ. ಎಸೆಯುವುದರಲ್ಲಿ ಜಾಣೆಯಾದವಳು ಹೊಡೆಯುವುದರಲ್ಲೂ ಜಾಣೆಯಾಗಿರುವುದು ಅಪರೂಪ. ಅಮೆರಿಕದ ಲೀಸಾ ಫರ್ನಾಂಡಿಸ್ ಅಂಥ ಅಪರೂಪದ ಹೆಣ್ಣುಮಗಳು. ಚೆಂಡೆಸೆಯದ ದಿನ ಆಕೆ ಮೂರನೇ ಬೇಸ್ ಕಾಯುತ್ತಿದ್ದರು.

ಲೀಸಾ ಹುಟ್ಟಿದ್ದು 1971ರಲ್ಲಿ. ತಂದೆ ಕ್ಯೂಬಾದವರು, ತಾಯಿ ಪೋರ್ಟೊರಿಕೊ ಕಡೆಯವರು. ಬೆಳೆದದ್ದು ಕ್ಯಾಲಿಫೋರ್ನಿಯಾದಲ್ಲಿ. ಎಂಟರ ಹುಡುಗಿ ಮೊದಲ ಸಲ ಚೆಂಡೆಸೆದಾಗ ತಂಡ 28–0 ಸೋತಿತು! ಮುಂದೆ ತರಬೇತುದಾರರೊಬ್ಬರು, "ಈ ಮೈಕಟ್ಟಿಗೆ, ಈ ಗಿಡ್ಡ ಕೈಗೆ ದೊಡ್ಡ ಆಟ ಒಗ್ಗೋದಿಲ್ಲ" ಎಂಬರ್ಥದ ಮಾತಾಡಿದರಂತೆ. ಹುಡುಗಿ ಆಟ ಬಿಡಲಿಲ್ಲ.

1990ರಿಂದ 1993ರವರೆಗೆ ಲಾಸ್ ಏಂಜಲೀಸ್‌ನ ಯುಸಿಎಲ್ಎ ವಿಶ್ವವಿದ್ಯಾಲಯಕ್ಕೆ ಆಡಿದರು. ಎಸೆತಗಾರ್ತಿಯಾಗಿ 93 ಗೆಲುವು, 7 ಸೋಲು. 1990 ಮತ್ತು 1992ರಲ್ಲಿ ತಂಡಕ್ಕೆ ರಾಷ್ಟ್ರೀಯ ಪಟ್ಟ. 1993ರಲ್ಲಂತೂ ಇಡೀ ದೇಶದ ಕಾಲೇಜುಗಳಲ್ಲಿ ಎಸೆತದಲ್ಲೂ ಹೊಡೆತದಲ್ಲೂ ಅವರೇ ಮೊದಲು. ಬ್ಯಾಟಿಂಗ್ ಸರಾಸರಿ .510. ಎರಡು ಸಲ ದಾಂಡೆತ್ತಿದರೆ ಒಂದು ಸಲ ಗುರಿ ಮುಟ್ಟಿದಂತೆಯೇ, ಅಲ್ವೇ?

ಹಾಗೆಂದು ಎಲ್ಲವೂ ಹೂವಿನ ಹಾದಿಯಲ್ಲ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯದ ಎದುರು ಸತತ 29 ಮಂದಿಯನ್ನು ಔಟ್ ಮಾಡಿದ್ದರು. ಗೆಲುವಿಗೆ ಇನ್ನೊಂದೇ ಔಟ್ ಬೇಕು. ಆಗ ಬಿತ್ತು ಹೋಮ್‌ರನ್! ಪಂದ್ಯ 2–1ರಿಂದ ಕೈಜಾರಿತು. ನಮ್ಮಂಥವರಾದರೆ ವಾರವಿಡೀ ಅಡುಗೆಮನೆ ಮೂಲೆ ಹಿಡಿಯುತ್ತಿದ್ದೆವೇನೋ. ಲೀಸಾ ಮಾತ್ರ ಫೈನಲಿನಲ್ಲಿ ಚೀನಾ ವಿರುದ್ಧ ಕೊನೆಗೆ ಚೆಂಡು ಹಿಡಿದು ಚಿನ್ನ ಗೆಲ್ಲಿಸಿದರು. 2000ದ ಸಿಡ್ನಿಯಲ್ಲೂ 2004ರ ಅಥೆನ್ಸ್‌ನಲ್ಲೂ ಮತ್ತೆ ಚಿನ್ನ. ಅಥೆನ್ಸ್‌ನಲ್ಲಿ ಬ್ಯಾಟಿಂಗ್ ಸರಾಸರಿ .545! 2005ರಲ್ಲಿ ಮಗನ ತಾಯಿಯಾದರು. ಆಮೇಲೂ ಆಟಕ್ಕೆ ಮರಳಿದರು. ಓದಿದ ಕಾಲೇಜಿನಲ್ಲೇ ತರಬೇತಿಯನ್ನೂ ಕೊಟ್ಟರು.

ನಿಮ್ಮ ಮಗಳು ಶಾಲೆಯ ಆಟದಲ್ಲಿ ಸೋತು ಮುಖ ಬಾಡಿಸಿಕೊಂಡು ಬಂದಾಳು. "ಇವಳಿಗ್ಯಾಕೆ ಆಟ?" ಅಂತ ಯಾರಾದರೂ ಮೂಗು ಮುರಿದಾರು. ಆಗ ಒಂದು ಲೋಟ ಹಾಲು ಕೊಟ್ಟು, 28–0 ಸೋತ ಆ ಎಂಟರ ಹುಡುಗಿಯ ಕಥೆ ಹೇಳಿ. ಮರುದಿನ ಮತ್ತೆ ಮೈದಾನಕ್ಕೆ ಕಳಿಸೋದನ್ನ ಮಾತ್ರ ಮರೀಬೇಡಿ.