ವಿದೇಶ ಪ್ರವಾಸದಲ್ಲಿ ಬಾಡಿಗೆ ಸ್ಕೂಟರ್: ಹೊರಡುವ ಮೊದಲೇ ತಿಳಿದಿರಬೇಕಾದ ಸಂಗತಿಗಳು

ಬೇಸಿಗೆ ರಜೆ, ದಸರಾ ರಜೆ ಬಂತೆಂದರೆ ನಮ್ಮ ಅನೇಕ ಕುಟುಂಬಗಳು ಈಗ ಥಾಯ್ಲೆಂಡ್, ಬಾಲಿ, ವಿಯೆಟ್ನಾಂ ಕಡೆ ಹೊರಡುತ್ತವೆ. ಬೆಂಗಳೂರಿನಿಂದ ಬ್ಯಾಂಕಾಕ್‌ಗೂ ಬಾಲಿಗೂ ನೇರ ವಿಮಾನಗಳಿವೆ. ಮಧುಚಂದ್ರಕ್ಕೆ ಹೋಗುವ ನವದಂಪತಿಗಳು, ಗೆಳೆಯರ ಜೊತೆ ಹೋಗುವ ಕಾಲೇಜು ವಿದ್ಯಾರ್ಥಿಗಳ ಸಂಖ್ಯೆಯೂ ಕಡಿಮೆಯಿಲ್ಲ. ಅಲ್ಲಿ ಇಳಿದ ಕೂಡಲೇ ಕಣ್ಣಿಗೆ ಬೀಳುವುದು ಹೋಟೆಲ್‌ಗಳ ಮುಂದೆ ಸಾಲಾಗಿ ನಿಂತ ಬಾಡಿಗೆ ಸ್ಕೂಟರ್‌ಗಳು. ಥಾಯ್ಲೆಂಡ್‌ನಲ್ಲಿ ದಿನಕ್ಕೆ 200ರಿಂದ 300 ಬಾತ್ ಕೊಟ್ಟರೆ ಒಂದು ಸ್ಕೂಟರ್ ಸಿಗುತ್ತದೆ. ಟ್ಯಾಕ್ಸಿಗಿಂತ ಅಗ್ಗ, ಮನಸ್ಸು ಬಂದಲ್ಲಿ ನಿಲ್ಲಿಸಬಹುದು. ಊರಲ್ಲಿ ದಿನವೂ ಗಾಡಿ ಓಡಿಸುವವರಿಗೆ ಇದರಲ್ಲಿ ಹೆದರುವುದೇನಿದೆ ಎನಿಸುವುದು ಸಹಜ.

ಗಾಡಿ ಓಡಿಸಲು ಬರುತ್ತದೆಯೇ ಎಂಬುದು ಇಲ್ಲಿ ಅರ್ಧ ಪ್ರಶ್ನೆ ಮಾತ್ರ. ಬಿದ್ದು ಪೆಟ್ಟಾದರೆ ಆಸ್ಪತ್ರೆಯ ಖರ್ಚನ್ನು ಯಾರು ಕೊಡುತ್ತಾರೆ ಎಂಬುದು ಇನ್ನರ್ಧ. ಅದರ ಉತ್ತರ ಪ್ರವಾಸಿಗರು ಊರು ಬಿಡುವ ಮುನ್ನ ಮಾಡಿಕೊಂಡ ಕಾಗದಪತ್ರಗಳಲ್ಲಿರುತ್ತದೆ. ಬಾಡಿಗೆ ಅಂಗಡಿಯವರು ಲೈಸೆನ್ಸ್ ಕೇಳುವುದು ಅಪರೂಪ. ಅವರು ಕೀ ಕೊಟ್ಟರು ಎಂದ ಮಾತ್ರಕ್ಕೆ ಆ ದೇಶದ ಕಾನೂನು ಅನುಮತಿ ಕೊಟ್ಟಿತು ಎಂದಾಗುವುದಿಲ್ಲ.

ಅಪಾಯ ಎಷ್ಟಿದೆ?

ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಪ್ರಕಟಿಸಿದ ರಸ್ತೆ ಸುರಕ್ಷತಾ ವರದಿಯ ಪ್ರಕಾರ, ಥಾಯ್ಲೆಂಡ್‌ನಲ್ಲಿ ಪ್ರತಿ ಒಂದು ಲಕ್ಷ ಜನರಿಗೆ ವರ್ಷಕ್ಕೆ 32.7 ಮಂದಿ ರಸ್ತೆ ಅಪಘಾತದಲ್ಲಿ ಸಾಯುತ್ತಿದ್ದರು. ಅದೇ ವರದಿಯಲ್ಲಿ ಭಾರತದ ಅಂದಾಜು 22.6. ಥಾಯ್ಲೆಂಡ್‌ನಲ್ಲಿ ಹಾಗೆ ಸತ್ತವರಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲು ದ್ವಿಚಕ್ರ, ತ್ರಿಚಕ್ರ ವಾಹನಗಳಲ್ಲಿದ್ದವರು. ನಮ್ಮ ರಸ್ತೆಗಳೇ ಅಪಾಯಕಾರಿ, ಅಲ್ಲಿಯವು ನುಣುಪಾಗಿ ಅಗಲವಾಗಿವೆ, ಆದ್ದರಿಂದ ಸುರಕ್ಷಿತ ಎಂಬ ನಂಬಿಕೆ ಸರಿಯಲ್ಲ. ರಸ್ತೆ ಚೆನ್ನಾಗಿದ್ದಷ್ಟೂ ವಾಹನಗಳ ವೇಗ ಹೆಚ್ಚು, ಪೆಟ್ಟಿನ ತೀವ್ರತೆಯೂ ಹೆಚ್ಚು.

ಬಾಲಿಯಲ್ಲಿ ಪ್ರವಾಸಿಗರ ನಿಯಮ ಉಲ್ಲಂಘನೆ ಎಷ್ಟು ದೊಡ್ಡ ಸಮಸ್ಯೆಯಾಯಿತೆಂದರೆ, ವಿದೇಶಿಯರಿಗೆ ಮೋಟಾರ್‌ಬೈಕ್ ಬಾಡಿಗೆ ಕೊಡುವುದನ್ನೇ ನಿಷೇಧಿಸುವ ಪ್ರಸ್ತಾಪವನ್ನು ಅಲ್ಲಿನ ಗವರ್ನರ್ ವಾಯನ್ ಕೋಸ್ಟರ್ 2023ರ ಮಾರ್ಚ್‌ನಲ್ಲಿ ಮುಂದಿಟ್ಟಿದ್ದರು.

ಮೊದಲ ಕಾಗದ: ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್

ಭಾರತದ ಲೈಸೆನ್ಸ್ ಒಂದೇ ಈ ದೇಶಗಳಲ್ಲಿ ಸಾಲದು. ಅದರ ಜೊತೆಗೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್, ಅಂದರೆ ಐಡಿಪಿ ಬೇಕು. ಕರ್ನಾಟಕದಲ್ಲಿ ಇದನ್ನು ಕೊಡುವುದು ಆರ್‌ಟಿಒ ಕಚೇರಿ. ಕೇಂದ್ರ ಸಾರಿಗೆ ಇಲಾಖೆಯ ಸಾರಥಿ ಪೋರ್ಟಲ್ ಮೂಲಕ ಅರ್ಜಿ ಹಾಕಬಹುದು. ಚಾಲ್ತಿಯಲ್ಲಿರುವ ಲೈಸೆನ್ಸ್, ಪಾಸ್‌ಪೋರ್ಟ್ ಮತ್ತು ಪ್ರಯಾಣದ ದಾಖಲೆಗಳು ಬೇಕಾಗುತ್ತವೆ. ಪರ್ಮಿಟ್‌ನ ಅವಧಿ ಗರಿಷ್ಠ ಒಂದು ವರ್ಷ. ಅಷ್ಟರೊಳಗೆ ಮೂಲ ಲೈಸೆನ್ಸ್‌ನ ಅವಧಿ ಮುಗಿದರೆ ಪರ್ಮಿಟ್ ಕೂಡ ಅಲ್ಲಿಗೇ ಮುಗಿಯುತ್ತದೆ.

ಇಲ್ಲಿ ಮೂರು ವಿಷಯಗಳನ್ನು ಗಮನಿಸಬೇಕು.

ಒಂದು, ಪರ್ಮಿಟ್‌ನಲ್ಲಿ ವಾಹನದ ವರ್ಗಗಳಿರುತ್ತವೆ. ‘ಎ’ ಎಂದರೆ ಮೋಟಾರ್‌ಸೈಕಲ್, ‘ಬಿ’ ಎಂದರೆ ಕಾರು. ಮೂಲ ಲೈಸೆನ್ಸ್‌ನಲ್ಲಿ ಎಲ್‌ಎಂವಿ ಎಂದಷ್ಟೇ ಇದ್ದರೆ, ಅಂದರೆ ಕಾರಿಗೆ ಮಾತ್ರ ಇದ್ದರೆ, ಐಡಿಪಿಯಲ್ಲಿ ‘ಎ’ ವರ್ಗ ಬರುವುದಿಲ್ಲ. ಕಾರಿನ ಪರ್ಮಿಟ್ ಹಿಡಿದು ಸ್ಕೂಟರ್ ಓಡಿಸಿದರೆ ಪರ್ಮಿಟ್ ಇಲ್ಲದೆ ಓಡಿಸಿದಂತೆಯೇ. ಕಾರು ಕಲಿತು ಲೈಸೆನ್ಸ್ ಪಡೆದು, ಸ್ಕೂಟರನ್ನು ಅಭ್ಯಾಸಬಲದಿಂದ ಓಡಿಸುವವರು ನಮ್ಮಲ್ಲಿ ಸಾಕಷ್ಟಿದ್ದಾರೆ. ಅವರು ಲೈಸೆನ್ಸ್ ಕಾರ್ಡನ್ನು ಒಮ್ಮೆ ತೆಗೆದು ನೋಡುವುದು ಒಳ್ಳೆಯದು.

ಎರಡು, ಅಂತರಜಾಲದಲ್ಲಿ ಕೆಲವು ಡಾಲರ್‌ಗಳಿಗೆ ‘ಇಂಟರ್‌ನ್ಯಾಷನಲ್ ಲೈಸೆನ್ಸ್’ ಎಂದು ಮಾರುವ ಖಾಸಗಿ ಕಾರ್ಡುಗಳಿವೆ. ಅವುಗಳಿಗೆ ಕಾನೂನಿನ ಬೆಲೆಯಿಲ್ಲ. ಭಾರತದ ಲೈಸೆನ್ಸ್ ಇರುವವರಿಗೆ ಆರ್‌ಟಿಒ ಕೊಟ್ಟದ್ದೇ ನಿಜವಾದ ಪರ್ಮಿಟ್.

ಮೂರು, ಐಡಿಪಿ ಎಲ್ಲ ದೇಶಗಳಲ್ಲೂ ನಡೆಯುವುದಿಲ್ಲ. ಭಾರತ ಐಡಿಪಿ ಕೊಡುವುದು 1949ರ ಜಿನೀವಾ ಒಪ್ಪಂದದ ಪ್ರಕಾರ. ಥಾಯ್ಲೆಂಡ್ ಈ ಒಪ್ಪಂದದಲ್ಲಿದೆ, ಆದ್ದರಿಂದ ಅಲ್ಲಿ ನಮ್ಮ ಪರ್ಮಿಟ್‌ಗೆ ಮಾನ್ಯತೆ ಇದೆ. ವಿಯೆಟ್ನಾಂ ಮಾನ್ಯ ಮಾಡುವುದು 1968ರ ವಿಯೆನ್ನಾ ಒಪ್ಪಂದದ ಪರ್ಮಿಟ್ಟನ್ನು. ಹೀಗಾಗಿ ಭಾರತದ ಐಡಿಪಿ ಕೈಯಲ್ಲಿದ್ದರೂ ವಿಯೆಟ್ನಾಂನಲ್ಲಿ ಅದು ಲೈಸೆನ್ಸ್ ಆಗಿ ಲೆಕ್ಕಕ್ಕೆ ಬರುವುದಿಲ್ಲ. ಹನೋಯ್, ದಾ ನಾಂಗ್, ಹಾ ಜಿಯಾಂಗ್‌ನಲ್ಲಿ ಬೈಕ್ ಬಾಡಿಗೆಗೆ ಪಡೆಯುವ ಅನೇಕ ಭಾರತೀಯರಿಗೆ ಈ ವಿಷಯವೇ ಗೊತ್ತಿರುವುದಿಲ್ಲ.

ದಂಡದ ರಸೀದಿ ಲೈಸೆನ್ಸ್ ಅಲ್ಲ

ಥಾಯ್ಲೆಂಡ್‌ನ ಪ್ರವಾಸಿ ಊರುಗಳಲ್ಲಿ ಪೊಲೀಸ್ ತಪಾಸಣೆ ಸಾಮಾನ್ಯ. ಪರ್ಮಿಟ್ ಇಲ್ಲದವರಿಗೆ ದಂಡ ಹಾಕಿ, ರಸೀದಿ ಕೊಟ್ಟು ಕಳಿಸುವುದುಂಟು. ‘ದಂಡ ಕಟ್ಟಿದರೆ ಮುಗಿಯಿತು, ಲೈಸೆನ್ಸ್ ಮಾಡಿಸುವುದಕ್ಕಿಂತ ಇದೇ ಸುಲಭ’ ಎಂಬ ಮಾತು ಪ್ರವಾಸಿಗರ ನಡುವೆ ಓಡಾಡುತ್ತದೆ. ದಂಡ ಪೊಲೀಸರ ಮಟ್ಟಿಗೆ ಮುಗಿಯಬಹುದು, ವಿಮೆ ಕಂಪನಿಯ ಮಟ್ಟಿಗೆ ಮುಗಿಯುವುದಿಲ್ಲ. ಅಪಘಾತವಾದಾಗ ಕಂಪನಿಯವರು ಮೊದಲು ಕೇಳುವ ಪ್ರಶ್ನೆಗಳಲ್ಲಿ ‘ಈ ವಾಹನ ಓಡಿಸಲು ಆ ದೇಶದಲ್ಲಿ ಮಾನ್ಯವಾದ ಪರವಾನಗಿ ಇತ್ತೇ?’ ಎಂಬುದೂ ಒಂದು. ಇರಲಿಲ್ಲ ಎಂದಾದರೆ ಕ್ಲೇಮ್ ತಿರಸ್ಕರಿಸಲು ಅದೇ ಕಾರಣವಾಗಬಹುದು.

ವಿಮೆಯ ಸಣ್ಣ ಅಕ್ಷರಗಳು

ವಿಮಾನದ ಟಿಕೆಟ್ ಜೊತೆಗೇ ಕೆಲವು ನೂರು ರೂಪಾಯಿಗೆ ಸಿಗುವ ಟ್ರಾವೆಲ್ ಇನ್ಶೂರೆನ್ಸ್ ಪಡೆದು, ಎಲ್ಲಕ್ಕೂ ವಿಮೆಯಿದೆ ಎಂದು ನಿಶ್ಚಿಂತರಾಗುವವರು ಹೆಚ್ಚು. ಪಾಲಿಸಿಯಿಂದ ಪಾಲಿಸಿಗೆ ಷರತ್ತು ಬೇರೆ. ಕೆಲವು ದ್ವಿಚಕ್ರ ವಾಹನವನ್ನು ಪೂರ್ತಿ ಹೊರಗಿಡುತ್ತವೆ. ಕೆಲವು ಇಷ್ಟು ಸಿಸಿ ವರೆಗೆ ಮಾತ್ರ ಎನ್ನುತ್ತವೆ. ಹೆಲ್ಮೆಟ್ ಧರಿಸದಿದ್ದರೆ ಅಥವಾ ಮದ್ಯ ಸೇವಿಸಿದ್ದರೆ ಕ್ಲೇಮ್ ಇಲ್ಲ ಎಂಬ ಷರತ್ತುಗಳೂ ಇರುತ್ತವೆ.

ಪಾಲಿಸಿ ಪಡೆಯುವ ಮುನ್ನ ಕಂಪನಿಗೆ ಇಮೇಲ್ ಮೂಲಕ ಈ ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಬೇಕು: ಬಾಡಿಗೆ ಸ್ಕೂಟರ್ ಓಡಿಸುವಾಗ ಆಗುವ ಅಪಘಾತಕ್ಕೆ ವಿಮೆ ಅನ್ವಯಿಸುತ್ತದೆಯೇ? ಎಷ್ಟು ಸಿಸಿ ವರೆಗೆ? ಹೋಗುತ್ತಿರುವ ದೇಶದಲ್ಲಿ ಭಾರತದ ಐಡಿಪಿ ಸಾಕೆಂದು ಕಂಪನಿ ಒಪ್ಪುತ್ತದೆಯೇ? ಹಿಂದೆ ಕೂತವರಿಗೂ ಅನ್ವಯವೇ? ಏಜೆಂಟರು ಫೋನಿನಲ್ಲಿ ಹೇಳುವ ‘ಎಲ್ಲಾ ಕವರ್ ಆಗುತ್ತೆ ಸರ್’ ಎಂಬ ಮಾತು ಕಷ್ಟಕಾಲದಲ್ಲಿ ಕೈಹಿಡಿಯುವುದಿಲ್ಲ.

ಬಾಡಿಗೆ ಗಾಡಿಗೇ ವಿಮೆ ಇರುತ್ತದಲ್ಲ ಎಂದು ಕೆಲವರು ಕೇಳುತ್ತಾರೆ. ಥಾಯ್ಲೆಂಡ್‌ನಲ್ಲಿ ಪ್ರತಿ ವಾಹನಕ್ಕೂ ‘ಪೋ ರೋ ಬೋ’ ಎಂಬ ಕಡ್ಡಾಯ ವಿಮೆ ಇರಬೇಕು. ಅದರಲ್ಲಿ ತಪ್ಪು ಯಾರದೆಂದು ನೋಡದೆ ಸಿಗುವ ವೈದ್ಯಕೀಯ ವೆಚ್ಚದ ಮಿತಿ 30,000 ಬಾತ್. ತಪ್ಪು ಎದುರಿನವರದೆಂದು ಸಾಬೀತಾದರೆ 80,000 ಬಾತ್ ವರೆಗೆ. ಮೂಳೆ ಮುರಿದು ಖಾಸಗಿ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾದರೆ, ತಲೆಗೆ ಪೆಟ್ಟಾಗಿ ಐಸಿಯುಗೆ ಸೇರಿದರೆ ಈ ಮೊತ್ತ ಎಲ್ಲಿಗೂ ಸಾಲುವುದಿಲ್ಲ. ಮುಂಗಡ ಹಣ ಅಥವಾ ವಿಮೆ ಕಂಪನಿಯ ಖಾತರಿ ಪತ್ರವನ್ನು ಆಸ್ಪತ್ರೆಗಳು ಕೇಳುತ್ತವೆ. ಆ ಹಣ ಹೊಂದಿಸುವ ಭಾರ ಊರಿನಲ್ಲಿರುವ ತಂದೆ ತಾಯಿಯ ಮೇಲೆ ಬೀಳುತ್ತದೆ.

ಹೆಲ್ಮೆಟ್ ಮನೆಯಿಂದಲೇ

ಹೆಲ್ಮೆಟ್ ಧರಿಸಿದರೆ ಅಪಘಾತದಲ್ಲಿ ಸಾವಿನ ಸಂಭವ ಸುಮಾರು 42ರಷ್ಟು ಶೇಕಡಾ, ತಲೆಗೆ ಪೆಟ್ಟಾಗುವ ಸಂಭವ ಶೇ. 69ರಷ್ಟು ಕಡಿಮೆಯಾಗುತ್ತದೆ ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ಕಾಕ್ರೇನ್ ಪರಾಮರ್ಶೆ ಹೇಳುತ್ತದೆ. ಬಾಡಿಗೆ ಅಂಗಡಿಗಳಲ್ಲಿ ಸಿಗುವ ಹೆಲ್ಮೆಟ್‌ಗಳು ಹೆಚ್ಚಾಗಿ ತೆಳುವಾದವು, ಮುಖ ತೆರೆದಿರುವಂಥವು, ಪಟ್ಟಿ ಸಡಿಲವಾದವು. ತಲೆಯ ಅಳತೆಗೆ ಕೂರದ ಹೆಲ್ಮೆಟ್ ಬಿದ್ದಾಗ ಮೊದಲು ತಾನೇ ಹಾರಿಹೋಗುತ್ತದೆ. ಸ್ಕೂಟರ್ ಓಡಿಸುವುದು ಖಚಿತವಾಗಿದ್ದರೆ ಮನೆಯಲ್ಲಿರುವ ಐಎಸ್‌ಐ ಮುದ್ರೆಯ ಹೆಲ್ಮೆಟನ್ನೇ ಸೂಟ್‌ಕೇಸಿನಲ್ಲಿ ಹಾಕಿಕೊಳ್ಳಬಹುದು. ಒಳಗೆ ಬಟ್ಟೆ ತುಂಬಿದರೆ ಜಾಗವೂ ವ್ಯರ್ಥವಾಗುವುದಿಲ್ಲ. ಹಿಂದೆ ಕೂರುವವರಿಗೂ ಹೆಲ್ಮೆಟ್ ಕಡ್ಡಾಯ.

ಚಡ್ಡಿ, ಹವಾಯಿ ಚಪ್ಪಲಿಯಲ್ಲಿ ಸ್ಕೂಟರ್ ಓಡಿಸುವುದು ಆ ದೇಶಗಳಲ್ಲಿ ಎಲ್ಲೆಡೆ ಕಾಣುವ ದೃಶ್ಯ. ಬಿಸಿ ಸೈಲೆನ್ಸರ್ ತಗುಲಿ ಬಲಗಾಲಿನ ಮೀನಖಂಡದಲ್ಲಿ ಆಗುವ ಸುಟ್ಟ ಕಲೆಗೆ ಪ್ರವಾಸಿಗರು ‘ಥಾಯ್ ಟ್ಯಾಟೂ’ ಎಂದೇ ಹೆಸರಿಟ್ಟಿದ್ದಾರೆ. ಉದ್ದನೆಯ ಪ್ಯಾಂಟ್, ಶೂ, ತೋಳು ಮುಚ್ಚುವ ಅಂಗಿ ಇದ್ದರೆ ಸಣ್ಣ ಬೀಳುವಿಕೆ ತರಚು ಗಾಯದಲ್ಲೇ ಮುಗಿಯುತ್ತದೆ.

ಗಾಡಿ ಬೇರೆ, ರಸ್ತೆಯ ರೂಢಿಯೂ ಬೇರೆ

ಅಲ್ಲಿ ಬಾಡಿಗೆಗೆ ಸಿಗುವುದು ಸಾಮಾನ್ಯವಾಗಿ 125ರಿಂದ 160 ಸಿಸಿ ಗಾಡಿಗಳು. ನಮ್ಮ 110 ಸಿಸಿ ಸ್ಕೂಟರ್‌ಗಿಂತ ಇವುಗಳ ಎಳೆತ ಜೋರು. ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಇರುವುದರಿಂದ, ಕಡಲ ತೀರದ ಮರಳು ಬಿದ್ದ ರಸ್ತೆಯಲ್ಲಿ ಅಥವಾ ಮಳೆಯಲ್ಲಿ ಮುಂದಿನ ಬ್ರೇಕನ್ನು ಗಟ್ಟಿಯಾಗಿ ಒಮ್ಮೆಲೇ ಹಿಡಿದರೆ ಚಕ್ರ ಜಾರುತ್ತದೆ. ಎರಡೂ ಬ್ರೇಕ್‌ಗಳನ್ನು ಮೆಲ್ಲಗೆ ಒಟ್ಟಿಗೆ ಹಿಡಿಯುವುದು ಸುರಕ್ಷಿತ. ಮೊದಲ ಅರ್ಧ ಗಂಟೆ ಖಾಲಿ ರಸ್ತೆಯಲ್ಲಿ ಒಬ್ಬರೇ ಓಡಿಸಿ ನೋಡಿ, ನಂತರ ಹಿಂದೆ ಯಾರನ್ನಾದರೂ ಕೂರಿಸಿಕೊಳ್ಳಬೇಕು.

ಥಾಯ್ಲೆಂಡ್, ಬಾಲಿಗಳಲ್ಲಿ ನಮ್ಮಂತೆ ಎಡಬದಿಯ ಸಂಚಾರ. ವಿಯೆಟ್ನಾಂನಲ್ಲಿ ಬಲಬದಿ. ನೇರ ರಸ್ತೆಯಲ್ಲಿ ಇದು ತೊಂದರೆ ಕೊಡುವುದಿಲ್ಲ. ತಿರುವಿನಲ್ಲಿ, ಪೆಟ್ರೋಲ್ ಬಂಕಿನಿಂದ ಹೊರಬರುವಾಗ, ಖಾಲಿ ರಸ್ತೆಯಲ್ಲಿ ಕೈ ಹಳೆಯ ಅಭ್ಯಾಸಕ್ಕೆ ಮರಳುತ್ತದೆ. ಥಾಯ್ಲೆಂಡ್‌ನಲ್ಲಿ ಹಾರ್ನ್ ಹೊಡೆಯುವುದು ಕಡಿಮೆ. ಹಾರ್ನ್ ಕೇಳಿಸಲಿಲ್ಲ ಎಂದರೆ ಹಿಂದೆ ವಾಹನ ಇಲ್ಲ ಎಂದುಕೊಳ್ಳುವ ನಮ್ಮ ರೂಢಿ ಅಲ್ಲಿ ಕೆಲಸಕ್ಕೆ ಬರುವುದಿಲ್ಲ, ಕನ್ನಡಿ ನೋಡಲೇಬೇಕು. ಎದುರಿನವರು ಹೆಡ್‌ಲೈಟ್ ಮಿನುಗಿಸಿದರೆ ‘ನೀವು ಹೋಗಿ’ ಎಂದಲ್ಲ, ‘ನಾನು ಬರುತ್ತಿದ್ದೇನೆ’ ಎಂದೇ ತಿಳಿಯಬೇಕು.

ಜಾಗ ಮತ್ತು ಕಾಲವನ್ನೂ ನೋಡಬೇಕು. ಚಿಯಾಂಗ್ ಮಾಯ್‌ನಿಂದ ಪಾಯ್ ಊರಿಗೆ ಹೋಗುವ ಘಟ್ಟದ ರಸ್ತೆ 762 ತಿರುವುಗಳಿಗೆ ಹೆಸರಾದದ್ದು. ಹೊಸಬರಿಗೆ ಅದು ತಕ್ಕುದಲ್ಲ. ಏಪ್ರಿಲ್ 13ರಿಂದ 15ರ ಸಾಂಗ್‌ಕ್ರಾನ್ ಹಬ್ಬದ ದಿನಗಳನ್ನು ಥಾಯ್ಲೆಂಡ್‌ನವರೇ ಅಪಾಯದ ದಿನಗಳೆಂದು ಕರೆಯುತ್ತಾರೆ. ರಸ್ತೆಯಲ್ಲಿ ನೀರೆರಚಾಟ, ಊರಿಗೆ ಹೊರಟವರ ದಟ್ಟಣೆ, ಕುಡಿದು ಓಡಿಸುವವರು ಎಲ್ಲವೂ ಆಗ ಒಟ್ಟಿಗೆ ಸೇರುತ್ತವೆ. ನಮ್ಮ ಶಾಲೆಗಳ ಬೇಸಿಗೆ ರಜೆಯೂ ಅದೇ ಹೊತ್ತಿಗೆ ಬರುವುದರಿಂದ ಕುಟುಂಬಗಳು ಆ ದಿನಗಳಲ್ಲಿ ಸ್ಕೂಟರ್ ಮುಟ್ಟದಿರುವುದೇ ಲೇಸು.

ಮಕ್ಕಳಿದ್ದರೆ

ಅಪ್ಪ, ಅಮ್ಮ, ನಡುವೆ ಒಂದು ಮಗು, ಮುಂದೆ ನಿಂತ ಇನ್ನೊಂದು ಮಗು. ಊರಿನಲ್ಲಿ ಕಾಣುವ ಈ ಚಿತ್ರವನ್ನು ವಿದೇಶಕ್ಕೆ ಒಯ್ಯಬಾರದು. ಭಾರತದ ಮೋಟಾರು ವಾಹನ ಕಾಯ್ದೆಯ 128ನೇ ಕಲಮಿನ ಪ್ರಕಾರವೂ ಸವಾರನ ಹಿಂದೆ ಒಬ್ಬರಿಗೆ ಮಾತ್ರ ಅವಕಾಶ. ಬಾಡಿಗೆ ಅಂಗಡಿಗಳಲ್ಲಿ ಮಕ್ಕಳ ಅಳತೆಯ ಹೆಲ್ಮೆಟ್ ಸಿಗುವ ಭರವಸೆಯಿಲ್ಲ. ಹದಿಹರೆಯದ ಮಗ ಅಥವಾ ಮಗಳು ‘ಇಲ್ಲಿ ಯಾರೂ ಕೇಳಲ್ಲ, ಒಂದು ರೌಂಡ್ ಹೋಗಿ ಬರ್ತೀನಿ’ ಎಂದರೆ ಒಪ್ಪಬಾರದು.

ಮಕ್ಕಳು, ಹಿರಿಯರು ಜೊತೆಯಲ್ಲಿದ್ದರೆ ಬೇರೆ ದಾರಿಗಳಿವೆ. ಬಾಲಿಯಲ್ಲಿ ಚಾಲಕನೊಂದಿಗೆ ಕಾರನ್ನು ಇಡೀ ದಿನಕ್ಕೆ ಗೊತ್ತುಮಾಡಿಕೊಳ್ಳುವುದು ಸಾಮಾನ್ಯ ಪದ್ಧತಿ. ಮೂರೂ ದೇಶಗಳಲ್ಲಿ ಗ್ರ್ಯಾಬ್ ಆ್ಯಪ್ ಮೂಲಕ ಕಾರು ಸಿಗುತ್ತದೆ. ಚಿಯಾಂಗ್ ಮಾಯ್‌ನಲ್ಲಿ ‘ಸೊಂಗ್‌ಥೇವ್’ ಎಂಬ ಕೆಂಪು ಹಂಚಿಕೆ ವಾಹನಗಳಿವೆ. ನಾಲ್ವರ ಕುಟುಂಬ ಎರಡು ಸ್ಕೂಟರ್ ಪಡೆಯುವ ಖರ್ಚು, ಪೆಟ್ರೋಲ್ ಎಲ್ಲ ಲೆಕ್ಕ ಹಾಕಿದರೆ ಕಾರಿನ ಬಾಡಿಗೆ ಅಷ್ಟೇನೂ ದೂರವಿರುವುದಿಲ್ಲ.

ಬಾಡಿಗೆಗೆ ಪಡೆಯುವಾಗ

ಪಾಸ್‌ಪೋರ್ಟನ್ನು ಅಡವಾಗಿ ಇಡಬಾರದು. ಗಾಡಿಗೆ ಗೀರು ಬಿದ್ದಿದೆ ಎಂದು ಹೇಳಿದಷ್ಟು ಹಣ ಕೊಡುವವರೆಗೆ ಅದನ್ನು ಹಿಡಿದಿಟ್ಟುಕೊಂಡರೆ ಪ್ರವಾಸಿಗರು ಅಸಹಾಯಕರಾಗುತ್ತಾರೆ. ಅಪಘಾತವಾದಾಗ ಆಸ್ಪತ್ರೆಗೂ ಪಾಸ್‌ಪೋರ್ಟ್ ಬೇಕು. ಜೆರಾಕ್ಸ್ ಪ್ರತಿ ಮತ್ತು ನಗದು ಠೇವಣಿ ಒಪ್ಪುವ ಅಂಗಡಿ ಹುಡುಕಬೇಕು. ಗಾಡಿಯನ್ನು ಸುತ್ತಲೂ ವಿಡಿಯೊ ಮಾಡಿಕೊಂಡು, ಇರುವ ಗೀರುಗಳನ್ನು ಅಂಗಡಿಯವರಿಗೇ ತೋರಿಸಬೇಕು. ಬ್ರೇಕ್, ಟಯರ್, ಹೆಡ್‌ಲೈಟ್, ಇಂಡಿಕೇಟರ್, ಕನ್ನಡಿ ಇಷ್ಟನ್ನೂ ನೋಡಿದ ಮೇಲೆಯೇ ಹೊರಡಬೇಕು.

ಅಪಘಾತವಾದರೆ

ಥಾಯ್ಲೆಂಡ್‌ನಲ್ಲಿ ಆಂಬ್ಯುಲೆನ್ಸ್‌ಗೆ 1669, ಟೂರಿಸ್ಟ್ ಪೊಲೀಸರಿಗೆ 1155. ಟೂರಿಸ್ಟ್ ಪೊಲೀಸರು ಇಂಗ್ಲಿಷ್‌ನಲ್ಲಿ ಮಾತಾಡುತ್ತಾರೆ. ವಿಯೆಟ್ನಾಂನಲ್ಲಿ ಆಂಬ್ಯುಲೆನ್ಸ್‌ಗೆ 115, ಪೊಲೀಸರಿಗೆ 113. ಇಂಡೊನೇಷ್ಯಾದಲ್ಲಿ ಆಂಬ್ಯುಲೆನ್ಸ್‌ಗೆ 119, ಪೊಲೀಸರಿಗೆ 110. ಕುತ್ತಿಗೆಗೆ ಪೆಟ್ಟಾಗಿರಬಹುದಾದ್ದರಿಂದ ಗಾಯಾಳುವನ್ನು ಎಳೆದಾಡಬಾರದು. ಓದಲು ಬಾರದ ಭಾಷೆಯ ಕಾಗದಕ್ಕೆ ಸಹಿ ಹಾಕಬಾರದು. ವಿಮೆ ಕಂಪನಿಯ 24 ಗಂಟೆಯ ಸಹಾಯವಾಣಿಗೆ ಆದಷ್ಟು ಬೇಗ ತಿಳಿಸಿ, ಪೊಲೀಸ್ ವರದಿಯ ಪ್ರತಿಯನ್ನು ಪಡೆಯಬೇಕು. ಕ್ಲೇಮ್‌ಗೆ ಅದು ಬೇಕಾಗುತ್ತದೆ.

ಭಾರತದ ರಾಯಭಾರ ಕಚೇರಿಗಳು ಬ್ಯಾಂಕಾಕ್ ಮತ್ತು ಹನೋಯ್‌ನಲ್ಲಿವೆ. ಚಿಯಾಂಗ್ ಮಾಯ್, ಬಾಲಿ, ಹೊ ಚಿ ಮಿನ್ ಸಿಟಿಗಳಲ್ಲಿ ಕಾನ್ಸುಲೇಟ್‌ಗಳಿವೆ. ಊರಿನಲ್ಲಿರುವ ಕುಟುಂಬದವರು ವಿದೇಶಾಂಗ ಸಚಿವಾಲಯದ ‘ಮದದ್’ ಪೋರ್ಟಲ್‌ನಲ್ಲಿ ನೆರವು ಕೋರಬಹುದು. ಆಸ್ಪತ್ರೆಯ ಬಿಲ್ಲನ್ನು ರಾಯಭಾರ ಕಚೇರಿ ಕಟ್ಟುತ್ತದೆ ಎಂದು ನಂಬಿ ಕೂರಬಾರದು.

ಹೊರಡುವ ಹಿಂದಿನ ದಿನ ನೋಡಿಕೊಳ್ಳಬೇಕಾದದ್ದು

• ಮೂಲ ಲೈಸೆನ್ಸ್ ಮತ್ತು ‘ಎ’ ವರ್ಗ ಇರುವ ಐಡಿಪಿ, ಎರಡೂ ಕೈಚೀಲದಲ್ಲಿವೆಯೇ?
• ಸ್ಕೂಟರ್ ಅಪಘಾತಕ್ಕೆ ವಿಮೆ ಅನ್ವಯಿಸುತ್ತದೆ ಎಂಬ ಉತ್ತರ ಬರಹದಲ್ಲಿ ಸಿಕ್ಕಿದೆಯೇ?
• ಓಡಿಸುವವರಿಗೂ ಹಿಂದೆ ಕೂರುವವರಿಗೂ ಸರಿಯಾದ ಹೆಲ್ಮೆಟ್ ಇದೆಯೇ?
• ಪಾಸ್‌ಪೋರ್ಟ್, ಪಾಲಿಸಿ, ಸಹಾಯವಾಣಿ ಸಂಖ್ಯೆಯ ಪ್ರತಿ ಮನೆಯವರ ಬಳಿ ಇದೆಯೇ?
• ರಕ್ತದ ಗುಂಪು, ತೆಗೆದುಕೊಳ್ಳುವ ಔಷಧಿಗಳ ವಿವರ ಬರೆದ ಚೀಟಿ ಪರ್ಸಿನಲ್ಲಿದೆಯೇ?

ಮೊದಲ ಮೂರರಲ್ಲಿ ಒಂದಕ್ಕೆ ‘ಇಲ್ಲ’ ಎಂಬ ಉತ್ತರ ಬಂದರೂ ಆ ಪ್ರವಾಸದಲ್ಲಿ ಸ್ಕೂಟರ್ ಬಿಟ್ಟು ಕಾರಿನಲ್ಲಿ ಸುತ್ತಾಡುವುದೇ ಸರಿ.